ಬೆಲ್ಟ್ ಬಾಂಬೆಯಿಂದ ಬರಬೇಕು

ಚಿಕ್ಕಪೇಟೆಯ ರೇಷ್ಮೆ ಸೀರೆ ಅಂಗಡಿಗಳ ಸಾಲಿನಲ್ಲಿ ಒಂದು ಸಣ್ಣ ಓಣಿ ಒಳಕ್ಕೆ ತಿರುಗುತ್ತದೆ. ಆ ಓಣಿಯಲ್ಲಿ ಮಲ್ಲಿಕಾರ್ಜುನಯ್ಯನವರ ಬಟ್ಟೆ ಅಂಗಡಿ. ಅದಕ್ಕೆ ಅಂಟಿಕೊಂಡು ಎಂಟಡಿ ಅಗಲದ ಒಂದು ಕೋಣೆ ಇತ್ತು. ಅವರ ಎರಡನೆಯ ಮಗ ಚಿದಂಬರ ಅಲ್ಲಿ ಕೂತು ರೇಡಿಯೊ, ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದ. ಬಟ್ಟೆ ವ್ಯಾಪಾರ ಅವನ ಕೈಗೆ ಹತ್ತಲಿಲ್ಲ. ಗಿರಾಕಿಯ ಮುಂದೆ ಸೀರೆ ಹರವಿ ನಾಲ್ಕು ಮಾತಾಡು ಎಂದರೆ ಅವನಿಗೆ ನಾಲಗೆಯೇ ಏಳುತ್ತಿರಲಿಲ್ಲ. ಅಣ್ಣ ಅಂಗಡಿ ನೋಡಿಕೊಂಡ, ತಮ್ಮನಿಗೆ ಪಕ್ಕದ ಕೋಣೆ ಸಿಕ್ಕಿತು. ಇಬ್ಬರಿಗೂ ಅದರಿಂದ ನೆಮ್ಮದಿಯೇ ಆಯಿತು.

ಮಾತು ಕಡಿಮೆಯಾದರೂ ಆಡಿದ ಮಾತು ತಪ್ಪುವವನಲ್ಲ ಎಂದು ಪೇಟೆಯಲ್ಲಿ ಅವನಿಗೆ ಹೆಸರಿತ್ತು. ಶುಕ್ರವಾರ ಕೊಡುತ್ತೇನೆ ಎಂದರೆ ಶುಕ್ರವಾರ ಬೆಳಿಗ್ಗೆ ಸಾಮಾನು ರೆಡಿಯಾಗಿ ಬಟ್ಟೆ ಸುತ್ತಿಕೊಂಡು ಕೂತಿರುತ್ತಿತ್ತು. ಇಪ್ಪತ್ತು ವರ್ಷ ಅವನು ಹಾಗೇ ನಡೆದುಕೊಂಡಿದ್ದ. ಆದ್ದರಿಂದಲೇ ೧೯೯೬ರಲ್ಲಿ ನಡೆದದ್ದು ಅವನ ಎದೆಯಲ್ಲಿ ಅಷ್ಟು ಆಳಕ್ಕೆ ಇಳಿಯಿತೋ ಏನೋ.

ಆ ವರ್ಷ ಜುಲೈ ಕೊನೆಯ ಒಂದು ಶನಿವಾರ ಓಣಿಯ ಬಾಯಲ್ಲಿ ಆಟೋ ನಿಂತಿತು. ಬೆಡ್‌ಶೀಟಿನಲ್ಲಿ ಸುತ್ತಿದ ದೊಡ್ಡ ಪೆಟ್ಟಿಗೆಯೊಂದನ್ನು ತಬ್ಬಿಕೊಂಡು ಒಬ್ಬ ಹೆಂಗಸು ಇಳಿದರು. ಅರವತ್ತು ದಾಟಿದ, ಸಪೂರ ಮೈಯವರು. ಹೆಸರು ಸುಗುಣಾ ದೇವಯ್ಯ. ದಂಡಿನ ಕಡೆ, ಕಂಟೋನ್ಮೆಂಟಿನ ಒಂದು ಶಾಲೆಯಲ್ಲಿ ಲೆಕ್ಕ ಪಾಠ ಹೇಳಿ ರಿಟೈರಾದವರು, ಮದುವೆಯಾಗಿರಲಿಲ್ಲ, ಚಾಮರಾಜಪೇಟೆಯಲ್ಲಿ ಒಬ್ಬರೇ ಇದ್ದರು. ಚಾಮರಾಜಪೇಟೆಯ ಯಾರನ್ನು ಕೇಳಿದರೂ ಸುಗುಣಾ ಟೀಚರ್ ಮನೆ ತೋರಿಸುತ್ತಿದ್ದರು.

ಪೆಟ್ಟಿಗೆಯೊಳಗಿದ್ದುದು ರೆಕಾರ್ಡ್ ಪ್ಲೇಯರ್. ಆ ಹೊತ್ತಿಗಾಗಲೇ ಜನ ಅಂಥದ್ದನ್ನೆಲ್ಲ ಅಟ್ಟಕ್ಕೆ ಹಾಕಿ ಹತ್ತು ವರ್ಷವಾಗಿತ್ತು.

"ತಟ್ಟೆ ತಿರುಗತ್ತೆ, ಆದ್ರೆ ಕುಂಟತ್ತೆ," ಎಂದರು ಟೀಚರ್.

"ತಟ್ಟೆ ತಿರುಗಿಸೋ ರಬ್ಬರ್ ಬೆಲ್ಟ್ ಹೋಗಿರ್ಬೇಕು ಟೀಚರ್. ಮುಂದಿನ ಶನಿವಾರ ಬನ್ನಿ."

ಅವರು ಚೀಲದಿಂದ ಒಂದು ರೆಕಾರ್ಡ್ ತೆಗೆದು ಮೇಜಿನ ಮೇಲಿಟ್ಟರು. ಬೂದು ಬಣ್ಣದ ಹೊದಿಕೆ, ಚಿತ್ರವಿಲ್ಲ, ಬರೀ ಅಕ್ಷರ. "ರಿಪೇರಿ ಆದ್ಮೇಲೆ ಇದನ್ನೇ ಹಾಕಿ ನೋಡಿ. ಇದು ಸರಿಯಾಗಿ ಕೇಳಿಸಿದ್ರೆ ಎಲ್ಲಾ ಸರಿಯಾಗಿದೆ ಅಂತ."

"ಎಂಥಾ ಹಾಡು ಟೀಚರ್?"

"ಚರ್ಚಲ್ಲಿ ಹಾಡೋದು. ಆದ್ರೆ ಹಳೇ ಕಾಲದ್ದಲ್ಲ, ಬರೆದೋರು ನಮ್ಮ ಕಾಲದೋರೇ. ವಾದ್ಯ ಇಲ್ಲ. ನಲವತ್ತು ಜನರ ಗಂಟಲು, ಅಷ್ಟೇ. ನಾನು ಹುಡುಗಿಯಾಗಿದ್ದಾಗ ನಮ್ಮ ಹಾಡೋ ಗುಂಪಲ್ಲಿ ಇದನ್ನ ಕಲಿತಿದ್ವಿ." ಸ್ವಲ್ಪ ತಡೆದು, "ಬೇಗ ಆದ್ರೆ ಒಳ್ಳೇದು," ಎಂದರು.

ಬುಧವಾರ ಚಿದಂಬರ ರೇಡಿಯೊ ಬಿಡಿಭಾಗ ಸಿಗುವ ಎಸ್.ಪಿ. ರೋಡಿಗೆ ಹೋಗಿ ಬೆಲ್ಟ್ ತಂದು ಹಾಕಿದ. ಮಧ್ಯಾಹ್ನ ಎರಡು ಗಂಟೆಗೆ ಅಣ್ಣ ಊಟಕ್ಕೆ ಹೋಗುತ್ತಿದ್ದ, ಮೂಟೆ ಹೊರುವವರು ಜಗಲಿಗಳ ಮೇಲೆ ಒರಗುತ್ತಿದ್ದರು, ಓಣಿಗೆ ಒಂದು ಗಂಟೆಯ ಮಟ್ಟಿಗೆ ಬಿಡುವು. ಅವನು ಷಟರನ್ನು ಅರ್ಧ ಎಳೆದು ರೆಕಾರ್ಡ್ ಹಾಕಿದ.

ಮೊದಲು ಗಂಡಸರ ದನಿ, ತಗ್ಗಿನಲ್ಲಿ. ಅದರ ಮೇಲೆ ಇನ್ನೊಂದು, ಮತ್ತೊಂದು. ಚೆನ್ನಾಗಿಯೇ ಬರುತ್ತಿದೆ ಎಂದುಕೊಳ್ಳುವಷ್ಟರಲ್ಲಿ ದನಿಗಳು ಒಂದಕ್ಕೊಂದು ತೀರ ಹತ್ತಿರ ಬಂದು ಉಜ್ಜಿಕೊಂಡವು. ನಡುವೆ ಏನೋ ನಡುಗಿದಂತಾಯಿತು. ಸ್ಪೀಡು ಸರಿಯಿಲ್ಲ ಎಂದು ಚಿದಂಬರ ನಿಲ್ಲಿಸಿದ. ತಟ್ಟೆಯ ಅಂಚಿಗೆ ಸೀಮೆಸುಣ್ಣದ ಗುರುತು ಹಾಕಿ, ಗಡಿಯಾರ ಹಿಡಿದು ಸುತ್ತು ಎಣಿಸಿದ. ಸರಿಯಾಗಿತ್ತು. ಮತ್ತೆ ಹಾಕಿದ, ಅದೇ ಜಾಗದಲ್ಲಿ ಅದೇ ನಡುಕ. ಮೋಟರ್ ಬಿಚ್ಚಿ ಎಣ್ಣೆ ಬಿಟ್ಟ, ಸೂಜಿ ಬದಲಾಯಿಸಿದ. ಗುರುವಾರವೂ ಹಾಗೇ ಆಯಿತು. ನಾಲ್ಕನೆಯ ಸಲ ಕೇಳುವಾಗ ಅವನಿಗೆ ಹೊಳೆಯಿತು: ಯಂತ್ರದಲ್ಲಿ ಯಾವ ದೋಷವೂ ಇಲ್ಲ, ಹಾಡುವವರು ಬೇಕೆಂದೇ ಹಾಗೆ ನಿಂತಿದ್ದಾರೆ. ಒಬ್ಬರ ಸ್ವರದ ಪಕ್ಕದಲ್ಲೇ ಇನ್ನೊಬ್ಬರು ಸ್ವರ ಹಿಡಿದು, ಇಬ್ಬರೂ ಬಿಡದೆ, ಆ ಇಕ್ಕಟ್ಟನ್ನು ತಾಳಿಕೊಂಡು ನಿಂತಿದ್ದಾರೆ. ಆಮೇಲೆ ಯಾರೋ ಒಬ್ಬರು ಮೆಲ್ಲಗೆ ಒಂದು ಮೆಟ್ಟಿಲು ಕೆಳಗಿಳಿದರು. ಇಡೀ ಗುಂಪು ಉಸಿರು ಬಿಟ್ಟಂತೆ ಅಗಲವಾಯಿತು.

ರೆಕಾರ್ಡ್ ಮುಗಿದು ಸೂಜಿ ಒಳಸುತ್ತಿನಲ್ಲಿ ಕರಕರ ಎನ್ನುತ್ತಿತ್ತು. ಅದನ್ನು ಎತ್ತಬೇಕೆಂಬ ನೆನಪೂ ಇಲ್ಲದೆ ಚಿದಂಬರ ಕೂತಿದ್ದ.

ಮನೆಯಲ್ಲಿ ಸಂಗೀತವಿಲ್ಲ ಎಂದೇನಲ್ಲ. ಸಂಜೆ ಪೂಜೆಯಾದ ಮೇಲೆ ಅಪ್ಪ ಗಟ್ಟಿಯಾಗಿ ವಚನ ಹೇಳುತ್ತಿದ್ದರು, ಉಳಿದವರು ಹಿಂದಿನಿಂದ ದನಿಗೂಡಿಸುತ್ತಿದ್ದರು. ಮನೆಯಲ್ಲಾಗಲಿ ಅಂಗಡಿಯಲ್ಲಾಗಲಿ ಯಾರಾದರೂ ಒಬ್ಬರು ಮುಂದೆ, ಮಿಕ್ಕವರು ಹಿಂದೆ. ಚಿದಂಬರ ಯಾವಾಗಲೂ ಹಿಂದಿನವನು. ಈ ಹಾಡಿನಲ್ಲಿ ಮುಂದೆ ಇರುವವರು ಯಾರು ಎಂದು ಎಷ್ಟು ಹುಡುಕಿದರೂ ಅವನಿಗೆ ಸಿಗಲಿಲ್ಲ.

ಶನಿವಾರ ಟೀಚರ್ ಬಂದರು. ಪ್ಲೇಯರ್ ಸಿದ್ಧವಾಗಿ ಅವನ ಬೆನ್ನ ಹಿಂದಿನ ಹಲಗೆಯ ಮೇಲೆ ಕೂತಿತ್ತು. ಅದನ್ನು ಇಳಿಸಿ ಕೊಡಬೇಕು, ಅಷ್ಟೇ. ಚಿದಂಬರ ಎದ್ದು ನಿಂತ. ಬಾಯಿಂದ ಬಂದದ್ದು ಬೇರೆ ಮಾತು.

"ಬೆಲ್ಟ್ ಇಲ್ಲಿ ಸಿಗ್ಲಿಲ್ಲ ಟೀಚರ್. ಬಾಂಬೆಯಿಂದ ಬರ್ಬೇಕು."

"ಹೌದಾ? ಎಷ್ಟು ದಿನ ಆಗತ್ತೆ?"

"ಹದಿನೈದು ದಿನ ಆಗ್ಬಹುದು."

ಹದಿನೈದು ದಿನ ಕೇಳಿ ಕೊಟ್ಟುಬಿಡುತ್ತೇನೆ ಎಂದೇ ಅವನು ಅಂದುಕೊಂಡಿದ್ದ. ಒಂದು ಕ್ಯಾಸೆಟ್ಟಿಗೆ ಅದನ್ನು ಇಳಿಸಿಯೂ ನೋಡಿದ. ಕ್ಯಾಸೆಟ್ಟಿನಲ್ಲಿ ದನಿಗಳ ನಡುವಿನ ಮೌನವನ್ನೆಲ್ಲ ಉಸ್ಸೆನ್ನುವ ಸದ್ದು ತುಂಬಿಕೊಂಡು, ಹೆಂಗಸರ ಮೇಲಿನ ಸ್ವರಗಳು ನೂಲಿನಂತೆ ತೆಳ್ಳಗಾಗಿದ್ದವು. ಅದನ್ನು ಅಳಿಸಿ, ಅಣ್ಣನ ಮಗಳಿಗೆ ಸಿನಿಮಾ ಹಾಡು ತುಂಬಿಸಿಕೊಟ್ಟ. ನಿಮ್ಮ ಮನೆಗೆ ಬಂದು ಆಗಾಗ ಕೇಳಲೇ ಟೀಚರ್ ಎಂದು ಒಂದು ಮಾತು ಕೇಳಿದ್ದರೆ ಅವರು ಬೇಡವೆನ್ನುತ್ತಿರಲಿಲ್ಲ. ಆದರೆ ಆಗ, ಕೇಳಬಹುದೆಂಬುದು ಹೊಳೆಯಲೂ ಇಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಚರ್ಚಿನ ಹಾಡಿಗೆ ಹೀಗೆ ಸೋತೆನಲ್ಲ ಎಂಬ ಸಂಕೋಚವೊಂದು ಅವನಿಗಿತ್ತು. ತನ್ನ ತಪ್ಪು ಅದೇ ಎಂದುಕೊಂಡಿದ್ದ. ನಿಜವಾದ ತಪ್ಪು ಬೆನ್ನ ಹಿಂದೆ, ಹಲಗೆಯ ಮೇಲೆ ಕೂತಿತ್ತು.

ಹದಿನೈದು ದಿನ ತಿಂಗಳಾಯಿತು. ಗಣೇಶನ ಹಬ್ಬ ಕಳೆಯಿತು, ದಸರಾ ಕಳೆಯಿತು. ಟೀಚರ್ ಎರಡು ವಾರಕ್ಕೊಮ್ಮೆ ತಪ್ಪದೆ ಬಂದರು. ಪಾರ್ಸಲ್ ಬಂದಿಲ್ಲ ಎಂದ, ತಪ್ಪು ಅಳತೆ ಕಳಿಸಿದ್ದಾರೆ ಎಂದ. ಒಂದು ಸುಳ್ಳು ಹೇಳಿದ ಮೇಲೆ ಮುಂದಿನದು ತಾನಾಗಿಯೇ ಬಾಯಿಗೆ ಬರುತ್ತಿತ್ತು. ಅವರು ಎಂದೂ ರೇಗಲಿಲ್ಲ. ಅಕ್ಟೋಬರಿನಲ್ಲಿ ಒಮ್ಮೆ ಅವನ ಮಾತನ್ನು ಎರಡೆರಡು ಸಲ ಹೇಳಿಸಿಕೊಂಡರು. ಬೀದಿಯ ಗಲಾಟೆಗೆ ಕೇಳಿಸಲಿಲ್ಲವೇನೋ ಎಂದುಕೊಂಡ. ನವೆಂಬರ್ ಕೊನೆಯಲ್ಲಿ ಬಂದಾಗ ಅವನ ತುಟಿಯನ್ನೇ ನೋಡುತ್ತಾ ನಿಂತವರು, ಅವನ ಮಾತು ಮುಗಿಯುವ ಮೊದಲೇ ತಲೆಯಾಡಿಸಿ, ನಕ್ಕು, ಹೊರಟುಬಿಟ್ಟರು.

ಡಿಸೆಂಬರ್ ಪೂರ್ತಿ ಅವರು ಬರಲಿಲ್ಲ. ಬರಲಿಲ್ಲವಲ್ಲ ಎಂದು ಚಿದಂಬರನಿಗೆ ಸಮಾಧಾನವೇ ಆಯಿತು. ದಿನವೂ ಮಧ್ಯಾಹ್ನ ಷಟರ್ ಎಳೆದು ಕೇಳಿದ.

ಸಂಕ್ರಾಂತಿಯ ಹಿಂದಿನ ದಿನ ಅಣ್ಣ ಕೋಣೆಯೊಳಗೆ ಇಣುಕಿದ. "ಏನೋ ಚಿದು, ಆ ಟೀಚರಮ್ಮನ ಪೆಟ್ಟಿಗೆ ಇನ್ನೂ ಇಲ್ಲೇ ಇದೆ? ನೀನು ಯಾರ ಸಾಮಾನನ್ನೂ ಹೀಗೆ ಇಟ್ಕೊಂಡೋನಲ್ವಲ್ಲ."

ಅಣ್ಣ ಸುಮ್ಮನೆ ಕೇಳಿದ ಮಾತು. ಚಿದಂಬರನಿಗೆ ಮಾತ್ರ ಅದು ಸರಿಯಾಗಿ ತಾಗಿತು. ಹಬ್ಬದ ಮರುದಿನ ಪ್ಲೇಯರನ್ನು ಅದೇ ಬೆಡ್‌ಶೀಟಿನಲ್ಲಿ ಸುತ್ತಿ ಚಾಮರಾಜಪೇಟೆಗೆ ಆಟೋ ಹಿಡಿದ.

ಬಾಗಿಲು ತೆಗೆದದ್ದು ಮನೆಗೆಲಸದ ಮುನಿಯಮ್ಮ. "ಟೀಚರ್ ಇದಾರಾ?" ಎಂದು ಕೇಳಿದ.

"ಅವ್ರೆ. ಆದ್ರೆ ಕೂಗಿ ಏನೂ ಪ್ರಯೋಜ್ನ ಇಲ್ಲಣ್ಣ. ಬರ್ದು ತೋರ್ಸ್‌ಬೇಕು."

"ಯಾಕೆ?"

"ಕಿವಿ ಹೋಯ್ತಲ್ಲ ಅವ್ರಿಗೆ. ಒಂದು ಮೊದ್ಲೇ ಹೋಗಿತ್ತು, ಇನ್ನೊಂದ್ರದೂ ನರ ಒಣಗ್ತಾ ಇದೆ, ಆರು ತಿಂಗ್ಳು ಬಂದ್ರೆ ಹೆಚ್ಚು ಅಂತ ಡಾಕ್ಟ್ರು ಜೂನ್‌ನಾಗೇ ಹೇಳಿದ್ರು. ದೀಪಾವಳಿ ಆದ್ಮೇಲೆ ಪೂರ್ತಿ ಹೋಯ್ತು. ಮಷೀನ್ ಹಾಕ್ಕೊಂಡ್ರೂ ಗರಗರ ಅನ್ನತ್ತಂತೆ, ಅಷ್ಟೇ." ಅವಳ ಕಣ್ಣು ಅವನ ಕೈಯಲ್ಲಿದ್ದ ಗಂಟಿನ ಮೇಲೆ ಬಿತ್ತು. "ಓ, ಆ ಪಿಲೇಟ್ ಮಿಷನ್ನಾ? ಅದಕ್ಕೇ ಎಷ್ಟು ಅಲೆದ್ರು ಪಾಪ. ಕಿವಿ ಇರೋದ್ರೊಳ್ಗೆ ಒಂದಷ್ಟು ಕೇಳ್ಕೊಂಬಿಡ್ತೀನಿ ಮುನಿಯಮ್ಮ ಅಂತಿದ್ರು."

ಚಿದಂಬರ ಬಾಗಿಲಲ್ಲೇ ನಿಂತ. ಗಂಟನ್ನು ಅಲ್ಲಿಟ್ಟು ಓಡಿಹೋಗಬೇಕೆನ್ನಿಸಿತು. ಅಷ್ಟರಲ್ಲಿ ಟೀಚರ್ ಹೊರಗೆ ಬಂದರು. ಪೆಟ್ಟಿಗೆ ನೋಡಿ ಅವರ ಮುಖವೆಲ್ಲ ಅರಳಿತು.

"ಬೆಲ್ಟ್ ಬಂತಾ ಚಿದಂಬರಪ್ಪ! ನೀವೇ ಹೊತ್ಕೊಂಡು ಬಂದ್ರಾ! ನನ್ನಿಂದ ನಿಮಗೆಷ್ಟು ತೊಂದ್ರೆ ಆಯ್ತೋ." ತಮ್ಮ ದನಿ ತಮಗೇ ಕೇಳಿಸದ್ದರಿಂದ ಅವರು ಬೀದಿಗೆಲ್ಲ ಕೇಳುವಷ್ಟು ಜೋರಾಗಿ ಮಾತಾಡುತ್ತಿದ್ದರು.

ಒಳಗೆ ಮೇಜಿನ ಮೇಲೆ ಪ್ಲೇಯರ್ ಇಡಿಸಿದರು, ರೆಕಾರ್ಡ್ ಹಾಕಿಸಿದರು. ತಾವು ಕುರ್ಚಿ ಎಳೆದುಕೊಂಡು, ಎಡಗಿವಿಯನ್ನು ಪೆಟ್ಟಿಗೆಗೆ ತಾಗಿಸುವಂತೆ ಬಗ್ಗಿ ಕೂತರು. ಗಂಡಸರ ದನಿ ಶುರುವಾಯಿತು. ಚಿದಂಬರ ಅವರ ಮುಖ ನೋಡಲಾರದೆ ನೆಲ ನೋಡುತ್ತಾ ನಿಂತ. ಐದು ನಿಮಿಷದ ಮೇಲೆ ಅವರು ತಲೆಯೆತ್ತಿದರು.

"ಇಲ್ಲ. ದೂರದಲ್ಲಿ ಎಲ್ಲೋ ಲಾರಿ ಹೋದ ಹಾಗೆ ಇದೆ." ಹೇಳಿ, ಕಪಾಟಿನಿಂದ ಒಂದು ಹಳೆಯ ಪುಸ್ತಕ ತೆಗೆದರು. ಹಾಡಿನ ಸ್ವರಗಳನ್ನು ಬರೆದ ಪುಸ್ತಕ, ಅಂಚುಗಳೆಲ್ಲ ಹಳದಿಯಾಗಿದ್ದವು. "ಒಂದು ಕೆಲಸ ಮಾಡಿ. ಮೊದಲಿಂದ ಹಾಕಿ. ಹೆಂಗಸರ ದನಿ ಶುರುವಾದಾಗ ಬೆರಳೆತ್ತಿ. ಗಂಡಸರದ್ದಾದ್ರೆ ಕೈ ಕೆಳಗೆ ಮಾಡಿ. ನಾನು ಇದರಲ್ಲಿ ನೋಡ್ಕೊಂಡು ಹೋಗ್ತೀನಿ. ಎಲ್ಲಿದೆ ಅಂತ ಗೊತ್ತಾದ್ರೆ ಸಾಕು, ಮಿಕ್ಕಿದ್ದು ನನಗೆ ತಲೇಲಿದೆ."

ಚಿದಂಬರ ಸೂಜಿಯನ್ನು ಮತ್ತೆ ಮೊದಲಿಗಿಟ್ಟ. ಗಂಡಸರ ದನಿಗೆ ಕೈ ತಗ್ಗಿಸಿದ, ಹೆಂಗಸರದ್ದಕ್ಕೆ ಎತ್ತಿದ. ಟೀಚರ್ ಪುಟದ ಮೇಲೆ ಪೆನ್ಸಿಲ್ ಓಡಿಸುತ್ತಾ, ಅವನನ್ನೂ ಪುಸ್ತಕವನ್ನೂ ನೋಡುತ್ತಾ ಸಾಗಿದರು. ಅವರ ತುಟಿ ಅಲುಗತೊಡಗಿತು. ಅವರಿಗೆ ಒಂದೂ ತಪ್ಪಬಾರದೆಂದು ಚಿದಂಬರ ಮೈಯೆಲ್ಲ ಕಿವಿಯಾಗಿದ್ದ. ದನಿಗಳು ಇಕ್ಕಟ್ಟಿಗೆ ಬರುವ ಜಾಗದಲ್ಲಿ ಅವನ ಎರಡು ಕೈಗಳೂ ತಾವಾಗಿಯೇ ಹತ್ತಿರ ಬಂದವು. ಹೆಂಗಸರು ಅಲ್ಲಿ ಉಸಿರು ತೆಗೆದುಕೊಳ್ಳಲು ಒಂದು ಕ್ಷಣ ನಿಲ್ಲುತ್ತಾರೆ. ಆ ಕ್ಷಣದಲ್ಲೇ, ದನಿ ಬರುವ ಮೊದಲೇ, ಅವನ ಬೆರಳು ಮೇಲೆದ್ದಿತ್ತು.

ಟೀಚರ ಪೆನ್ಸಿಲ್ ನಿಂತಿತು.

ಅವರು ಅವನನ್ನೇ ನೋಡಿದರು. ನಲವತ್ತು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದ ಕಣ್ಣು. "ಇಲ್ಲಿ ಎರಡು ಎಣಿಕೆ ಮೌನ ಇದೆ, ನಾನು ಎಣಿಸ್ತಿದ್ದೆ," ಎಂದರು. "ನೀವು ಮೌನದಲ್ಲೇ ಬೆರಳೆತ್ತಿದ್ರಿ. ಒಂದ್ಸಲ ಹಾಕಿ ನೋಡಿದೋರಿಗೆ ಇದು ಗೊತ್ತಾಗಲ್ಲ. ನಾವು ಕಲಿಯೋಕೆ ಮೂರು ತಿಂಗಳು ಹಿಡೀತು."

ಚಿದಂಬರ ಏನೋ ಹೇಳಲು ಬಾಯಿ ತೆರೆದ. ಹೇಳಿದರೂ ಅವರಿಗೆ ಕೇಳಿಸುವುದಿಲ್ಲ. ಅವರೇ ಮೇಜಿನ ಮೇಲಿದ್ದ ಸ್ಲೇಟನ್ನು ಅವನ ಕಡೆ ಸರಿಸಿದರು. ಬಾಯಲ್ಲಾದರೆ ತೊದಲಬಹುದಿತ್ತು, ಅರ್ಧ ನುಂಗಬಹುದಿತ್ತು. ಬರೆಯುವಾಗ ಅಕ್ಷರ ಪೂರ್ತಿ ಬೇಕು. ಅವನು ಬಳಪ ಹಿಡಿದು ಬರೆದ: "ಬೆಲ್ಟ್ ಜುಲೈ ಮುಗಿಯುವುದರೊಳಗೇ ಹಾಕಿದ್ದೆ. ಸುಳ್ಳು ಹೇಳಿದೆ. ದಿನಾ ಕೇಳುತ್ತಿದ್ದೆ. ನಿಮ್ಮ ಕಿವಿಯ ವಿಷಯ ಗೊತ್ತಿರಲಿಲ್ಲ." ಕೊನೆಯ ಸಾಲನ್ನು ಬರೆದು, ಅದೊಂದು ನೆವದಂತೆ ಕಂಡು, ಬೆರಳಿನಿಂದ ಅಳಿಸಿದ. ಮಿಕ್ಕಿದ್ದನ್ನು ತೋರಿಸಿದ.

ಅವರು ಅದನ್ನು ಗಟ್ಟಿಯಾಗಿಯೇ ಓದಿದರು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

"ಜುಲೈನಲ್ಲೇ?" ಎಂದರು. ಆಗಲೂ ದನಿ ಜೋರಾಗಿಯೇ ಇತ್ತು. ಆಮೇಲೆ ಸ್ಲೇಟನ್ನು ಮಗುಚಿಟ್ಟರು. "ನೀವು ಇವತ್ತು ಹೋಗಿ ಚಿದಂಬರಪ್ಪ."

ರೆಕಾರ್ಡ್ ಇನ್ನೂ ಓಡುತ್ತಿತ್ತು. ಅದನ್ನು ನಿಲ್ಲಿಸಿ ಅವನು ಹೊರಟ. ಗೇಟಿನವರೆಗೆ ಬಂದ ಮುನಿಯಮ್ಮ ಅವನ ಬೆನ್ನಿಗೇ ಚಿಲಕ ಹಾಕಿಕೊಂಡಳು.

ಎರಡು ದಿನ ಅವನು ಅಂಗಡಿ ತೆರೆಯಲಿಲ್ಲ. ಮೂರನೆಯ ದಿನ ಹೆಂಡತಿ ಶೈಲಜಾ ಎದುರು ಕೂತು, "ಏನಾಯ್ತು ರೀ?" ಎಂದು ಬಿಡದೆ ಕೇಳಿದಾಗ ಎಲ್ಲ ಹೇಳಿದ.

"ಬೈದ್ರಾ?"

"ಇಲ್ಲ."

"ಬೈದ್ಬಿಟ್ಟಿದ್ರೆ ಚೆನ್ನಾಗಿತ್ತು," ಎಂದಳು ಶೈಲಜಾ. ಸಮಾಧಾನದ ಮಾತೇನೂ ಆಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಕರೆದ್ರೆ ಹೋಗಿ. ಕರೀದೇ ಇದ್ರೆ ಹೋಗಿ ಕಾಲಿಗೆ ಬಿದ್ದು ಅವರಿಗೆ ಇನ್ನೊಂದು ಕಷ್ಟ ಕೊಡ್ಬೇಡಿ," ಎಂದಳು.

ಫೆಬ್ರವರಿ ಮೊದಲ ವಾರ ಅಂಗಡಿಯ ವಿಳಾಸಕ್ಕೆ ಒಂದು ಕಾರ್ಡು ಬಂತು. ದುಂಡು ಅಕ್ಷರ. "ಶನಿವಾರ ನಾಲ್ಕು ಗಂಟೆಗೆ ಬರುವುದು. ರೆಕಾರ್ಡಿನ ಎರಡನೆಯ ಮುಖ ಬಾಕಿ ಇದೆ. ಸುಗುಣಾ ದೇವಯ್ಯ."

ಅವನು ಹೋದ. ಟೀಚರ್ ಹಳೆಯ ವಿಷಯ ಎತ್ತಲಿಲ್ಲ. ಪುಸ್ತಕ ತೆರೆದು ಕೂತರು, ಅವನು ಕೈ ಎತ್ತಿದ, ಇಳಿಸಿದ. ಅಂದಿನಿಂದ ಶನಿವಾರ ನಾಲ್ಕು ಗಂಟೆಗೆ ಚಿದಂಬರ ಚಾಮರಾಜಪೇಟೆಯಲ್ಲಿ ಇರುವುದು ರೂಢಿಯಾಯಿತು. ಕೆಲವು ತಿಂಗಳಲ್ಲಿ ಅವರು ಅವನಿಗೆ ಆ ಪುಸ್ತಕ ಓದುವುದನ್ನೇ ಕಲಿಸಿದರು. ಇದು ಮೇಲಿನ ಹೆಂಗಸರದ್ದು, ಇದು ಕೆಳಗಿನ ಹೆಂಗಸರದ್ದು, ಇಲ್ಲಿ ನಾನು ನಿಂತಿದ್ದೆ, ನನ್ನ ಎಡಕ್ಕೆ ಒಬ್ಬಳು ಯಾವಾಗಲೂ ಮೊದಲೇ ಶುರು ಮಾಡಿಬಿಡುತ್ತಿದ್ದಳು ಎಂದು. ತಪ್ಪು ತೋರಿಸಿದರೆ ಪೆನ್ಸಿಲಿನಿಂದ ಅವನ ಬೆರಳಿಗೆ ಕುಟ್ಟುತ್ತಿದ್ದರು. ಒಮ್ಮೊಮ್ಮೆ ಜೋರಾಗಿ ನಗುತ್ತಿದ್ದರು. ಮುನಿಯಮ್ಮ ಮಾತ್ರ ಒಂದು ವರ್ಷ ಅವನೊಡನೆ ಮಾತಾಡಲಿಲ್ಲ; ಆಮೇಲೂ ಅವನಿಗೆಂದು ಒಂದು ಲೋಟ ಕಾಫಿ ತರಲಿಲ್ಲ.

ಆ ಕೋಣೆಯಲ್ಲಿ ಹಾಡು ಕೇಳುತ್ತಿದ್ದವನು ತಾನೊಬ್ಬನೇ ಎಂಬುದು ಚಿದಂಬರನಿಗೆ ಒಂದು ಶನಿವಾರವೂ ಮರೆತುಹೋಗಲಿಲ್ಲ. ಒಮ್ಮೆ ಕೇಳಿಸದವನಂತೆ ಇರಲು ನೋಡಿದ. ಬರೀ ಪುಸ್ತಕ ನೋಡಿ ಕೈಯಾಡಿಸಿದ. ಟೀಚರಿಗೆ ತಕ್ಷಣ ತಿಳಿಯಿತು. "ಕೇಳ್ರಿ," ಎಂದು ಗದರಿದರು. "ನೀವೂ ಕೇಳದೇ ಇದ್ರೆ ಇದನ್ನ ಹಾಕೋದು ಯಾಕೆ?"

ಕ್ಷಮಿಸಿದ್ದೇನೆ ಎಂದು ಅವರು ಎಂದೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಒಂದೇ ಒಂದು ಸಲ, ೨೦೦೧ರಲ್ಲಿ ಇರಬೇಕು, ಜ್ವರದಿಂದ ಮಲಗಿದ್ದಾಗ, ಗೋಡೆಯ ಕಡೆ ನೋಡುತ್ತಾ ಹೇಳಿದರು: "ಮೂರು ತಿಂಗಳು ನಾನು ಕೇಳಬಹುದಿತ್ತು ಚಿದಂಬರಪ್ಪ. ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್." ಚಿದಂಬರ ಸ್ಲೇಟು ತೆಗೆದುಕೊಂಡು, ಅದನ್ನು ಖಾಲಿಯಾಗಿಯೇ ಹಿಡಿದುಕೊಂಡು ಕೂತಿದ್ದ. ಮುಂದಿನ ಶನಿವಾರ ಅವರು ಎದ್ದು ಕೂತು ಎಂದಿನಂತೆ ಪುಸ್ತಕ ತೆರೆದರು.

೨೦೦೪ರ ಮಾರ್ಚಿನಲ್ಲಿ ಟೀಚರ್ ತೀರಿಕೊಂಡರು. ಹೊಸೂರು ರಸ್ತೆಯ ಸ್ಮಶಾನದಲ್ಲಿ ಮಣ್ಣಾಯಿತು. ಚಿದಂಬರ ಎಲ್ಲರ ಹಿಂದೆ ನಿಂತಿದ್ದ. ಆಮೇಲೆ ಮನೆಗೆ ಬಂದಾಗ ಮೈಸೂರಿನಿಂದ ಬಂದಿದ್ದ ಟೀಚರ ತಮ್ಮನ ಮಗಳು ಮಹಾನಂದ ಅವನನ್ನು ಹುಡುಕಿಕೊಂಡು ಬಂದಳು.

"ಚಿದಂಬರಪ್ಪ ಅಂದ್ರೆ ನೀವೇನಾ? ಅತ್ತೆ ಪ್ರತಿ ಕಾಗದದಲ್ಲೂ ನಿಮ್ಮ ಬಗ್ಗೆ ಬರೀತಿದ್ರು. ಏಳು ವರ್ಷ ಒಂದು ಶನಿವಾರವೂ ತಪ್ಪಿಸಲಿಲ್ಲವಂತೆ. ಸ್ವಂತದೋರೂ ಹೀಗೆ ಮಾಡಲ್ಲ. ನಿಮಗೆ ಹೇಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಿಲ್ಲ." ಅವಳ ಸುತ್ತ ನಿಂತಿದ್ದ ನಾಲ್ಕಾರು ಜನ ಅವನನ್ನು ಗೌರವದಿಂದ ನೋಡಿದರು. ಒಬ್ಬ ಮುದುಕರು ಬಂದು ಕೈ ಕುಲುಕಿದರು.

ಟೀಚರ್ ಯಾರಿಗೂ ಹೇಳಿರಲಿಲ್ಲ. ಆ ಮರ್ಯಾದೆಯನ್ನು ಹಾಗೇ ಜೇಬಿಗೆ ಹಾಕಿಕೊಂಡು ಮನೆಗೆ ಹೋಗಬಹುದಿತ್ತು. ಬಾಗಿಲ ಬಳಿ ಕಾಫಿ ತಟ್ಟೆ ಹಿಡಿದು ನಿಂತಿದ್ದ ಮುನಿಯಮ್ಮ ಅವನನ್ನೇ ನೋಡುತ್ತಿದ್ದಳು.

"ಅದು ಹಾಗಲ್ಲಮ್ಮ," ಎಂದ ಚಿದಂಬರ. ಅಷ್ಟು ಜನರ ನಡುವೆ, ಸ್ಲೇಟಿಲ್ಲದೆ, ಮೊದಲಿನಿಂದ ಕೊನೆಯವರೆಗೆ ಹೇಳಿದ. ಬೆಲ್ಟ್, ಬಾಂಬೆ, ಮಧ್ಯಾಹ್ನದ ಷಟರ್.

ಕೈ ಕುಲುಕಿದ್ದ ಮುದುಕರು ಮೆಲ್ಲನೆ ಆಚೆ ಸರಿದರು.

ಅವನು ಮನೆ ಸೇರಿದಾಗ ಶೈಲಜಾ ದೀಪ ಹಚ್ಚುತ್ತಿದ್ದಳು. ಅವನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು.

"ಅವರ ಕಡೆಯೋರಿಗೆ ಹೇಳಿದ್ರಾ?"

"ಹೇಳ್ದೆ."

"ಏನಂದ್ರು?"

"ಏನೂ ಅನ್ಲಿಲ್ಲ. ಕಾಫಿ ಕುಡಿದು ಹೋಗಿ ಅಂದ್ರು."

"ಕುಡಿದ್ರಾ?"

"ಕುಡ್ದೆ," ಎಂದ ಚಿದಂಬರ. "ಮುನಿಯಮ್ಮ ತಂದ್ಕೊಟ್ಳು."